ಏಳು ಗಂಟೆಯ ಕೈ

ಕಂಪ್ಲೇಂಟ್ ಪುಸ್ತಕದಲ್ಲಿ ಇದ್ದದ್ದು ಇಷ್ಟೇ:
ಪೆನ್ಷನ್ ಮೊಹಲ್ಲಾ, ಮಸೀದಿ ಹಿಂದಿನ ಗಲ್ಲಿ, ಸಫೂರಾ ಬಾನು.
‘ಸಂಜೆ ಏಳಕ್ಕೆ ಕೈ ನಿಂತುಹೋಗುತ್ತೆ.’
ಆಫೀಸಿನ ನಂಜೇಶ ನಕ್ಕ:
ಇದು ನಮ್ಮದಲ್ಲ ಕಣಯ್ಯ, ದೊಡ್ಡಾಸ್ಪತ್ರೆಗೆ ಹೋಗಬೇಕಾದ ಚೀಟಿ.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆ.
ಬಾಗಿಲ ಗುಂಡಿ ಒತ್ತಿದರೆ ಗಂಟೆಯಿಲ್ಲ,
ಒಳಗೊಂದು ದೀಪ ಹತ್ತಿ ಆರಿತು. ಆಗ ಗೊತ್ತಾಯಿತು.

ಮೀಟರ್ ಹಚ್ಚಿದೆ. ಮುಳ್ಳು ಸರಸರನೆ ಏರಿ
ನಲವತ್ತೆಂಟರಲ್ಲಿ ನಿಂತಿತು. ಐವತ್ತರ ಪ್ಲಾನಿಗೆ ನಲವತ್ತೆಂಟು!
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆಗೂ
ಇಷ್ಟು ನಿಯತ್ತಿನ ತೂಕ ಸಿಗಲ್ಲ.
ಫೋನು ಮುಂದೆ ಹಿಡಿದು ಹೆಬ್ಬೆಟ್ಟು ಎತ್ತಿದೆ.
ಆಕೆ ಜರಿಯ ಸೂಜಿ ಕೆಳಗಿಟ್ಟು
ರೂಲಿನ ನೋಟ್‌ಬುಕ್ಕಿನಲ್ಲಿ ಬರೆದಳು:
‘ಇದು ಹನ್ನೊಂದು. ಏಳಕ್ಕೆ ಬನ್ನಿ.’

ಏಳಕ್ಕೆ ಹೋದೆ, ಮನಸ್ಸಿಲ್ಲದೆ.
ಗಲ್ಲಿಯ ತುಂಬ ಕ್ರಿಕೆಟ್ಟು. ಒಂದೇ ವಿಕೆಟ್ಟು
ಐದು ಮನೆಯಲ್ಲಿ ಐದು ಸಲ ಬಿತ್ತು,
ಒಂದೊಂದು ಮನೆಗೆ ಒಂದೊಂದು ಉಸಿರು ತಡವಾಗಿ.

ಪರದೆಯಲ್ಲಿ ಅರಸೀಕೆರೆಯ ಅಕ್ಕ, ಮುಬೀನಾ.
ಹುಟ್ಟಿದಂದಿನಿಂದ ಇಬ್ಬರಿಗೂ ಕಿವಿ ಕೇಳದು.
ಅಮ್ಮನ ಅಡುಗೆಮನೆಯಲ್ಲೇ ಬೆಳೆದ ಸನ್ನೆ ಅವರದು,
ಕೊತ್ತಂಬರಿಗೊಂದು, ಚಿಕ್ಕಪ್ಪನ ಜಿಪುಣತನಕ್ಕೊಂದು.
ಅಕ್ಕ ಇಲ್ಲಿಗೆ ಚೆನ್ನಾಗೇ ಕಾಣುತ್ತಿದ್ದಳು,
ಮೂಗುಬೊಟ್ಟಿನ ಹೊಳಪಿನ ತನಕ.
ಆದರೆ ಅಲ್ಲಿ? ಇನ್ನೊಂದು ಫೋನಿನಿಂದ ಫೋಟೊ ತೆಗೆದು ಕಳಿಸಿದಳು:
ಸಫೂರಾಳ ಬಲಗೈಗೆ ಬೆರಳು ಐದಲ್ಲ, ಎಂಟೋ ಒಂಬತ್ತೋ,
ಸ್ಲೇಟಿನ ಮೇಲೆ ಅಂಗೈಯಿಂದ ಒರೆಸಿದ ಹಾಗೆ.

ನೋಟ್‌ಬುಕ್ಕಿನಲ್ಲಿ ಉಳಿದ ಕಥೆ ಓದಿದೆ.
‘ಬರಲ್ಲ,
ಹುಡುಗನಿಗೆ ಜ್ವರ, ಸೀರೆ ಬಳೆ ಬಸ್ಸಿಗೆ ಹಾಕಿದ್ದೀನಿ,
ಮದುಮಗಳಿಗೆ ನನ್ನ ಕಡೆಯಿಂದ ದೃಷ್ಟಿ ತೆಗಿ’ ಅಂದಿದ್ದಳು ಇವಳು.
ಅರಸೀಕೆರೆ ಮುಟ್ಟಿದ್ದು ‘ಬರಲ್ಲ’ ಒಂದೇ.
ಉಳಿದದ್ದು ದುದ್ದದ ಹತ್ತಿರ ಎಲ್ಲೋ ಬಿದ್ದುಹೋಯಿತು.
ಹದಿನೆಂಟು ದಿನ ಅಕ್ಕ ಫೋನ್ ಎತ್ತಿಲ್ಲ. ಇವತ್ತೇ ಎತ್ತಿದ್ದು.
ಬರೆದು ಕಳಿಸಬಹುದಿತ್ತಲ್ಲ, ಎಂದು ಕೆಳಗೆ ಗೀಚಿದೆ.
‘ಅವಳು ಶಾಲೆಗೆ ಹೋದವಳಲ್ಲ.’

ಮತ್ತೆ ಮೀಟರ್. ಈ ಸಲ ಕೆಳಗಿನ ಸಾಲು ನೋಡಿದೆ,
ಆರು ವರ್ಷದ ಸರ್ವೀಸಿನಲ್ಲಿ ಯಾರೂ ಕೇಳದ, ನಾನೂ ಓದದ ಸಾಲು.
ಬರುವುದು ಮೂವತ್ತೊಂಬತ್ತು.
ಹೋಗುವುದು ಸೊನ್ನೆ ಪಾಯಿಂಟ್ ಮೂರು.
ನಾವು ಮಾರುವುದೇ ಹಾಗೆ: ಬರುವುದಕ್ಕೆ ಹೈವೇ,
ಹೋಗುವುದಕ್ಕೆ ಬಚ್ಚಲ ಕಿಂಡಿ.
ಕೂತು ನೋಡುವವರಿಗೆ ಧಾರಾಳ ಸಾಕು.

ತಲೆಗೆ ಟಾರ್ಚು ಕಟ್ಟಿ ಕಂಬ ಹತ್ತಿದೆ.
ಪೆಟ್ಟಿಗೆಯಲ್ಲಿ ಎಂಟು ಮನೆಯ ಜಾಗಕ್ಕೆ ಹದಿನಾಲ್ಕು,
ಮೂಲೆಯಲ್ಲಿ ಕಣಜದ ಮಣ್ಣುಗೂಡು,
ಅದರಡಿ ಸೊಟ್ಟಗೆ ಮಡಿಚಿಕೊಂಡ ಆಕೆಯ ಎಳೆ.
ಕತ್ತರಿಸಿ ಹೊಸದಾಗಿ ಬೆಸೆದೆ.
ಬಾಸ್‌ಗೆ ಫೋನ್ ಮಾಡಿ, ಬ್ಯಾಂಕಿನವರ ಮನೆ ಸಾರ್ ಅಂತ ಸುಳ್ಳು ಹೇಳಿ
ಹೋಗುವ ದಾರಿಯನ್ನು ಹತ್ತಕ್ಕೆ ಏರಿಸಿದೆ.

ಇಳಿದು ಬಂದರೆ ಕೈಗಳು ಓಡುತ್ತಿವೆ!
ಇಷ್ಟು ಜೋರಿನ ಜಗಳವನ್ನು ನಾನು ಕಂಡೇ ಇರಲಿಲ್ಲ,
ಸದ್ದು ಅಂದರೆ ಬಳೆಯದು ಮಾತ್ರ.
ಹದಿನೆಂಟು ದಿನದ ಬಾಕಿ, ಬಡ್ಡಿ ಸಮೇತ.
ನಡುವೆ ಒಮ್ಮೆ ಅಕ್ಕ ಮೂಗು ಮುಟ್ಟಿ ತೋರಿಸಿದಳು,
ಇಬ್ಬರೂ ನನ್ನ ಕಡೆ ನೋಡಿ ನಕ್ಕರು.
ಮೂಗಿನ ಮೇಲೆ ಕಣಜದ ಮಣ್ಣು ಮೆತ್ತಿತ್ತು.
ಅಷ್ಟರಲ್ಲೇ ನನಗೂ ಒಂದು ಸನ್ನೆ ಇಟ್ಟಿದ್ದರೋ ಏನೋ.

ಫಾರಂ ಕೊಟ್ಟೆ. ‘ವೇಗ ತೃಪ್ತಿಕರವೇ?’
ಹೌದು, ಇಲ್ಲ, ಎರಡೇ ಚೌಕ.
ಆಕೆ ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದಳು:
‘ಇವತ್ತು ಪರವಾಗಿಲ್ಲ. ಭಾನುವಾರ ಫೈನಲ್ ಇದೆ.’